ಸಹಾಯ ಬೇಕು: ‘ಲೈ’ ಮತ್ತು ‘ಲೇ’ ಕ್ರಿಯಾಪದಗಳನ್ನು ಕನ್ನಡದಲ್ಲಿ ವಿವರಿಸುವ ಬಗೆ

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯ ಮಕ್ಕಳಿಗಾಗಿ ಇಂಗ್ಲಿಷ್ ವ್ಯಾಕರಣದ ಪಾಠವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದು, ‘ಲೈ’ ಮತ್ತು ‘ಲೇ’ ಎಂಬ ಎರಡು ಕ್ರಿಯಾಪದಗಳ ವಿಚಾರದಲ್ಲಿ ನಿಮ್ಮ ನೆರವನ್ನು ಕೋರುತ್ತಿದ್ದೇನೆ.

ಮೊದಲನೆಯದು ತಾನೇ ಮಲಗುವುದನ್ನು ಅಥವಾ ಒಂದೆಡೆ ಬಿದ್ದಿರುವುದನ್ನು ಹೇಳುವ ಅಕರ್ಮಕ ಕ್ರಿಯಾಪದ. ಎರಡನೆಯದು ಇನ್ನೊಂದನ್ನು ಮಲಗಿಸುವುದನ್ನು, ಇರಿಸುವುದನ್ನು ಹೇಳುವ ಸಕರ್ಮಕ. ಹಳೆಯ ಇಂಗ್ಲಿಷಿನಲ್ಲಿ ಇವು ‘ಲಿಜ್ಜನ್’ ಮತ್ತು ‘ಲೆಜ್ಜನ್’ ಆಗಿದ್ದವು. ನಾವು ‘ಮಲಗು’ ಎಂಬುದಕ್ಕೆ ‘ಇಸು’ ಸೇರಿಸಿ ‘ಮಲಗಿಸು’ ಎಂದು ಮಾಡಿಕೊಳ್ಳುವಂತೆ, ಇಂಗ್ಲಿಷ್, ಜರ್ಮನ್ ಮುಂತಾದವು ಸೇರಿದ ಜರ್ಮಾನಿಕ್ ಕುಟುಂಬದ ಭಾಷೆಗಳು ಒಂದು ಕಾಲದಲ್ಲಿ ಪ್ರತ್ಯಯ ಸೇರಿಸಿ ಪ್ರೇರಣಾರ್ಥಕಗಳನ್ನು, ಅಂದರೆ ಇನ್ನೊಂದರಿಂದ ಕ್ರಿಯೆ ಮಾಡಿಸುವ ಪದಗಳನ್ನು, ಕಟ್ಟುತ್ತಿದ್ದವು. ಆ ಪ್ರತ್ಯಯ ಸವೆದುಹೋಗಿ, ಅದರ ಗುರುತಾಗಿ ಸ್ವರವ್ಯತ್ಯಾಸ ಮಾತ್ರ ಉಳಿದಿದೆ. ‘ಸಿಟ್’ ಮತ್ತು ‘ಸೆಟ್’, ‘ಫಾಲ್’ (ಬೀಳು) ಮತ್ತು ‘ಫೆಲ್’ (ಮರ ಮುಂತಾದವನ್ನು ಕಡಿದು ಬೀಳಿಸು) ಇದೇ ಬಗೆಯ ಜೋಡಿಗಳು. ‘ರೈಸ್’ (rise, ಏಳು) ಇಂಗ್ಲಿಷಿನ ಸ್ವಂತ ಪದವಾದರೆ, ಅದರ ಜೊತೆಗಾರ ‘ರೇಸ್’ (raise, ಎತ್ತು) ಸ್ಕ್ಯಾಂಡಿನೇವಿಯಾದ ಪ್ರಾಚೀನ ಭಾಷೆಯಾದ ಹಳೆಯ ನಾರ್ಸ್‌ನಿಂದ ಬಂದದ್ದು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಮಕ್ಕಳು ಎಡವುವುದು ಭೂತಕಾಲದಲ್ಲಿ. ‘ಲೈ’ ಎಂಬುದರ ಭೂತರೂಪವೇ ‘ಲೇ’. ‘ಲೇ’ ಎಂಬುದರದು ‘ಲೇಡ್’. ಸುಳ್ಳು ಹೇಳುವ ‘ಲೈ’ ಬೇರೆಯೇ ಮೂಲದ್ದಾಗಿದ್ದು, ಅದರ ಭೂತರೂಪ ‘ಲೈಡ್’.

‘ಅಡಗು’ ಮತ್ತು ‘ಅಡಕು’ ಎಂಬಂತೆ, ‘ಇಸು’ ಪ್ರತ್ಯಯವಿಲ್ಲದೆ ಪದದೊಳಗಿನ ಧ್ವನಿಯೇ ಬದಲಾಗಿ ಅಕರ್ಮಕವು ಸಕರ್ಮಕವಾಗುವ ಕನ್ನಡದ ಇತರ ಜೋಡಿಗಳು ತಿಳಿದಿದ್ದರೆ ದಯವಿಟ್ಟು ತಿಳಿಸಿ, ಏಕೆಂದರೆ ‘ಮಲಗಿಸು’ ಎಂಬುದಕ್ಕಿಂತ ಅವು ಇಂಗ್ಲಿಷಿನ ಈ ಜೋಡಿಗೆ ಹೆಚ್ಚು ಹತ್ತಿರವಾಗುತ್ತವೆ. ಈ ಭೂತರೂಪಗಳನ್ನು ತರಗತಿಯಲ್ಲಿ ಕಲಿಸಿ ಅನುಭವವಿರುವ ಶಿಕ್ಷಕರು, ಮಕ್ಕಳ ನೆನಪಿನಲ್ಲಿ ನಿಂತ ಅಭ್ಯಾಸವಾಕ್ಯಗಳನ್ನು ಹಂಚಿಕೊಂಡರೆ ಬಹಳ ಉಪಕಾರವಾಗುತ್ತದೆ.