ಮೊದಲು ಡಬ್ಬಿಗೆ ಅನ್ನ ಮರಳಲಿ

ಮಗೂ, ನಿನ್ನೆ ರಾತ್ರಿ ನೀನು ನಮ್ಮ ಮನೆಯವರ ಗುಂಪಿನಲ್ಲಿ ಧ್ವನಿ ಸಂದೇಶವಾಗಿ ಹಾಕಿದ ಪ್ರಶ್ನೆಯನ್ನು ಎರಡು ಬಾರಿ ಆಲಿಸಿದೆ. ನಾಲ್ಕು ತಿಂಗಳಿನಿಂದ ತಪ್ಪದೆ ಜಿಮ್‌ಗೆ ಹೋಗುತ್ತಿದ್ದರೂ ತೂಕ 70 ಕೆ.ಜಿ.ಯಲ್ಲೇ ನಿಂತಿದೆ, ಮಧ್ಯಾಹ್ನದ ಡಬ್ಬಿಗೆ ನಾಲ್ಕು ಮೊಟ್ಟೆಯ ಬಿಳಿಭಾಗ ಮತ್ತು ಸೌತೆಕಾಯಿ ಒಯ್ಯುತ್ತಿದ್ದೇನೆ, ಅನ್ನ ಬಿಟ್ಟಿದ್ದೇನೆ, ಇನ್ನೇನು ಸೇರಿಸಲಿ ಎಂದು ಕೇಳಿದ್ದೀಯೆ. ಪ್ರೋಟೀನ್ ಪುಡಿ ಕೊಂಡುಕೊ ಎಂದು ಇಬ್ಬರು ಈಗಾಗಲೇ ಉತ್ತರಿಸಿದ್ದಾರೆ. ಐವತ್ತು ದಾಟಿದ ಮೇಲೆ ಭಾರ ಎತ್ತುವ ವ್ಯಾಯಾಮವನ್ನು ಆರಂಭಿಸಿ, ಏಳು ವರ್ಷಗಳಿಂದ ಆಫೀಸಿಗೆ ಬುತ್ತಿ ಕಟ್ಟಿಕೊಂಡು ಹೋಗುತ್ತಿರುವ ನಿನ್ನ ಅತ್ತೆಯ ಅಭಿಪ್ರಾಯ ಬೇರೆಯಾಗಿದೆ. ಸ್ವಲ್ಪ ದೀರ್ಘವಾದರೂ ಕೊನೆಯವರೆಗೆ ಕೇಳು.

ನಿನ್ನ ಡಬ್ಬಿಯ ಲೆಕ್ಕವನ್ನೇ ಮೊದಲು ನೋಡೋಣ. ಒಂದು ಮೊಟ್ಟೆಯ ಬಿಳಿಭಾಗದಲ್ಲಿ ಸುಮಾರು ಮೂರೂವರೆ ಗ್ರಾಂ ಪ್ರೋಟೀನ್ ಮತ್ತು 17 ಕ್ಯಾಲರಿ ಇರುತ್ತದೆ. ನಾಲ್ಕನ್ನು ತಿಂದರೂ 14 ಗ್ರಾಂ ಪ್ರೋಟೀನ್ ದೊರೆಯುತ್ತದೆಯೇ ಹೊರತು, ಸೌತೆಕಾಯಿಯನ್ನೂ ಸೇರಿಸಿದ ನಿನ್ನ ಇಡೀ ಊಟ 100 ಕ್ಯಾಲರಿಯ ಹತ್ತಿರವೇ ನಿಲ್ಲುತ್ತದೆ. ದಿನವಿಡೀ ಕೆಲಸ ಮಾಡಿ, ಸಂಜೆ ಒಂದು ಗಂಟೆ ಭಾರ ಎತ್ತುವ ಯುವಕನಿಗೆ ಇದು ಊಟವೇ ಅಲ್ಲ. ದೇಹಕ್ಕೆ ದಿನನಿತ್ಯದ ಖರ್ಚಿಗಿಂತ 300ರಿಂದ 500 ಕ್ಯಾಲರಿಯಷ್ಟು ಹೆಚ್ಚು ಆಹಾರ ಸಿಕ್ಕಾಗ ಸ್ನಾಯು ಸರಾಗವಾಗಿ ಬೆಳೆಯುತ್ತದೆ. ಅದು ಸಿಗದಿದ್ದಾಗ, ನೀನು ತಿಂದ ಪ್ರೋಟೀನಿನ ಒಂದು ಪಾಲನ್ನೂ ದೇಹ ಇಂಧನವಾಗಿ ಉರಿಸಿಬಿಡುತ್ತದೆ. ಆದ್ದರಿಂದ ನಿನಗೆ ಮೊದಲು ಬೇಕಾಗಿರುವುದು ಪುಡಿಯಲ್ಲ, ನೀನು ಬಿಟ್ಟಿರುವ ಅನ್ನ. ಭಾರ ಎತ್ತುವಾಗ ಸ್ನಾಯುಗಳು ಮುಖ್ಯವಾಗಿ ಬಳಸುವುದು ತಮ್ಮಲ್ಲೇ ಕೂಡಿಟ್ಟುಕೊಂಡ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನನ್ನು, ಆ ಗ್ಲೈಕೋಜನ್ ತಯಾರಾಗುವುದು ಅನ್ನ, ಬ್ರೆಡ್, ಆಲೂಗಡ್ಡೆ, ಓಟ್ಸ್‌ಗಳಂತಹ ಆಹಾರದಿಂದ. ಹಳದಿಭಾಗವನ್ನು ಎಸೆಯುವುದನ್ನೂ ನಿಲ್ಲಿಸು. ಮೊಟ್ಟೆಯ ಪ್ರೋಟೀನಿನಲ್ಲಿ ಎರಡೂವರೆ ಗ್ರಾಂಗಿಂತ ಹೆಚ್ಚಿನ ಪಾಲು ಅದರಲ್ಲೇ ಇದೆ.

ಇನ್ನು ಪ್ರೋಟೀನ್ ಎಷ್ಟು ಬೇಕು ಎಂಬ ವಿಚಾರ. ಸಾಮಾನ್ಯ ವಯಸ್ಕರಿಗೆ ಕನಿಷ್ಠ ಅಗತ್ಯವೆಂದು ಹೇಳುವುದು ದೇಹದ ತೂಕದ ಪ್ರತಿ ಕೆ.ಜಿ.ಗೆ 0.8 ಗ್ರಾಂ. ಸ್ನಾಯು ಬೆಳೆಸುವವರಿಗೆ ಅದರ ಎರಡರಷ್ಟು, ಎಂದರೆ 1.6 ಗ್ರಾಂ ಎಂದಿಟ್ಟುಕೊಂಡರೆ ಬಹುತೇಕ ಎಲ್ಲರಿಗೂ ಸಾಕಾಗುತ್ತದೆ. ನಿನ್ನ ತೂಕಕ್ಕೆ ಅದು ದಿನಕ್ಕೆ 112 ಗ್ರಾಂ ಆಗುತ್ತದೆ. ಇದನ್ನು ನಾಲ್ಕು ಹೊತ್ತಿಗೆ ಹಂಚಿಕೊಂಡರೆ ಹೊತ್ತಿಗೆ 28 ಗ್ರಾಂ ಬರುವುದರಿಂದ, ಮಧ್ಯಾಹ್ನದ ಡಬ್ಬಿಯಲ್ಲಿ 30ರಿಂದ 35 ಗ್ರಾಂ ಇದ್ದರೆ ಉಳಿದ ಹೊತ್ತುಗಳ ಮೇಲೆ ಹೊರೆ ಬೀಳುವುದಿಲ್ಲ. ಒಮ್ಮೆ ಭಾರ ಎತ್ತಿದ ಮೇಲೆ ಒಂದು ದಿನಕ್ಕೂ ಹೆಚ್ಚು ಕಾಲ ಸ್ನಾಯು ತನ್ನನ್ನು ಕಟ್ಟಿಕೊಳ್ಳುತ್ತಲೇ ಇರುತ್ತದೆ. ಹಾಗಾಗಿ ಜಿಮ್ ಇಲ್ಲದ ದಿನದ ಬುತ್ತಿಯೂ ಇಷ್ಟೇ ತೂಕದ್ದಾಗಿರಲಿ. ಅಣ್ಣ, ಇದನ್ನು ಕೇಳುತ್ತಿರುವ ನಿನಗೆ ಮಾತ್ರ ಈ ಅಂಕಿಗಳು ಅನ್ವಯಿಸುವುದಿಲ್ಲ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಲೆಕ್ಕ ಹಾಕುವಾಗ ಬಹಳ ಮಂದಿ ಎಡವುವುದು ಹಸಿಯ ತೂಕ ಮತ್ತು ಬೆಂದ ತೂಕದ ನಡುವೆ. ಬೇಳೆಕಾಳು ನೀರು ಕುಡಿದು ಹಿಗ್ಗುತ್ತದೆ, ಮಾಂಸ ನೀರು ಬಿಟ್ಟು ಕುಗ್ಗುತ್ತದೆ. ಒಣ ಬೇಳೆಯ 100 ಗ್ರಾಂನಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದ್ದರೆ, ಬೆಂದ ಬೇಳೆಯ 100 ಗ್ರಾಂನಲ್ಲಿ ಉಳಿಯುವುದು 9 ಗ್ರಾಂನಷ್ಟು. ಕೋಳಿಯ ಎದೆಮಾಂಸದಲ್ಲಿ ಇದು ತಿರುಗುಮುರುಗಾಗಿ, ಹಸಿಯದಾಗಿದ್ದಾಗ 22 ಗ್ರಾಂ ಆಸುಪಾಸಿನಲ್ಲಿದ್ದದ್ದು ಬೆಂದ ಮೇಲೆ ಅದೇ 100 ಗ್ರಾಂಗೆ ಸುಮಾರು 30 ಆಗುತ್ತದೆ. ಪೊಟ್ಟಣದ ಮೇಲಿನ ಒಣ ಬೇಳೆಯ ಅಂಕಿಯನ್ನು ಓದಿ, ಬೆಂದ ಬೇಳೆಯನ್ನು ಅಳೆದು ತಿಂದರೆ ನಿನ್ನ ಲೆಕ್ಕಕ್ಕೂ ಹೊಟ್ಟೆಗೆ ಹೋದದ್ದಕ್ಕೂ ಎರಡೂವರೆ ಪಟ್ಟು ವ್ಯತ್ಯಾಸ ಬೀಳುತ್ತದೆ. ನಾನು ಮೊದಲ ಕೆಲವು ತಿಂಗಳು ಇದೇ ತಪ್ಪನ್ನು ಮಾಡಿದೆ, ಅದರಿಂದ ಪ್ರಗತಿಯೇ ಕಾಣದೆ ಬಹಳ ನೊಂದುಕೊಂಡೆ. ಅಡುಗೆಮನೆಯಲ್ಲಿ ಒಂದು ಸಣ್ಣ ತಕ್ಕಡಿ ಇಟ್ಟುಕೊಂಡು ಎರಡು ವಾರ ತೂಗಿದರೆ ಕಣ್ಣಿಗೆ ಅಂದಾಜು ಸಿಗುತ್ತದೆ, ಆಮೇಲೆ ತಕ್ಕಡಿ ಬೇಕಾಗುವುದಿಲ್ಲ.

ಅತ್ತಿಗೆ, ನಾಳೆ ಬೆಳಿಗ್ಗೆ ಇವನ ಡಬ್ಬಿಗೆ ತುಂಬಲು ಒಂದು ಮಾದರಿ ಹೇಳುತ್ತೇನೆ. ಬೆಂದ ಅನ್ನ 200 ಗ್ರಾಂ, ಬೆಂದ ಕಾಬೂಲಿ ಕಡಲೆ 200 ಗ್ರಾಂ, ಇಡೀ ಮೊಟ್ಟೆ ಎರಡು, ಸಣ್ಣ ಚಮಚ ಎಣ್ಣೆಯಲ್ಲಿ ಬಾಡಿಸಿದ ಒಂದು ಹಿಡಿ ತರಕಾರಿ. ಇಷ್ಟರಲ್ಲಿ ಸುಮಾರು 35 ಗ್ರಾಂ ಪ್ರೋಟೀನ್, 800 ಕ್ಯಾಲರಿಯ ಆಸುಪಾಸು ಇರುತ್ತದೆ. ಮಾಂಸ ತಿನ್ನುವ ದಿನ ಮೊಟ್ಟೆ ಮತ್ತು ಕಡಲೆಯ ಜಾಗಕ್ಕೆ ಬೆಂದ ಕೋಳಿಮಾಂಸ 100 ಗ್ರಾಂ ಸಾಕು, ಆದರೆ ಅದರಲ್ಲಿ ಕ್ಯಾಲರಿ ಕಡಿಮೆಯಾದ್ದರಿಂದ ಅನ್ನವನ್ನು ಹೆಚ್ಚಿಸಿ ಒಂದು ಹಿಡಿ ಕಡಲೆಕಾಯಿ ಬೀಜವನ್ನೂ ಸೇರಿಸಬೇಕಾಗುತ್ತದೆ. ಸಸ್ಯಾಹಾರವೊಂದನ್ನೇ ತಿನ್ನುವವರು ಸೋಯಾವನ್ನು ಮರೆಯಬಾರದು. ಒಣ ಸೋಯಾ ಚಂಕ್ಸ್ 50 ಗ್ರಾಂನಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಕಾಳಿನಲ್ಲಿ ಕಡಿಮೆ ಇರುವ ಮೆಥಿಯೋನಿನ್ ಎಂಬ ಪ್ರೋಟೀನಿನ ಘಟಕ ಧಾನ್ಯದಲ್ಲಿಯೂ, ಧಾನ್ಯದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಘಟಕ ಕಾಳಿನಲ್ಲಿಯೂ ಇರುವುದರಿಂದ ಇವೆರಡೂ ಒಂದಕ್ಕೊಂದು ಪೂರಕ. ಎರಡನ್ನೂ ಒಂದೇ ತುತ್ತಿನಲ್ಲಿ ತಿನ್ನಬೇಕೆಂಬ ನಿಯಮವೇನೂ ಇಲ್ಲ, ದಿನದೊಳಗೆ ಎರಡೂ ಬಂದರಾಯಿತು. ಕಾಳಿನ ಮೇಲೆ ನಿಂಬೆರಸ ಹಿಂಡಿದರೆ ಅದರ ಕಬ್ಬಿಣದ ಅಂಶವನ್ನು ದೇಹ ಚೆನ್ನಾಗಿ ಹೀರಿಕೊಳ್ಳುತ್ತದೆ, ಊಟದ ಜೊತೆಗೇ ಚಹಾ ಕುಡಿದರೆ ಆ ಲಾಭ ಕಳೆದುಹೋಗುತ್ತದೆ.

ಈಗ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದ ಮಾತು. ಮೊದಲ ವರ್ಷ ಒಂದು ದಿನ, ರಾತ್ರಿಯಿಡೀ ಒಲೆಯ ಮೇಲಿನ ಪಾತ್ರೆಯಲ್ಲೇ ಉಳಿದಿದ್ದ ಅನ್ನವನ್ನು ಬೆಳಿಗ್ಗೆ ಡಬ್ಬಿಗೆ ತುಂಬಿಕೊಂಡು ಹೋಗಿ, ಮಧ್ಯಾಹ್ನ ಚೆನ್ನಾಗಿ ಬಿಸಿ ಮಾಡಿಯೇ ತಿಂದೆ. ಸಂಜೆಯಾಗುವುದರೊಳಗೆ ವಾಂತಿ ಆರಂಭವಾಗಿ ಎರಡು ದಿನ ಏಳಲಾಗಲಿಲ್ಲ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಉಳಿದಾಗ ಅವು ಮೊಳೆತು ವಿಷವನ್ನು ಉಂಟುಮಾಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ರಾತ್ರಿಯೇ ಮಾಡಿಡುವುದಾದರೆ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್‌ನಲ್ಲಿಡಬೇಕು. ಬೆಳಿಗ್ಗೆ ತಣ್ಣಗಿರುವಂತೆಯೇ ಡಬ್ಬಿಗೆ ತುಂಬಿ ಐಸ್ ಪ್ಯಾಕ್ ಜೊತೆ ಒಯ್ದು, ಆಫೀಸು ಮುಟ್ಟಿದೊಡನೆ ಅಲ್ಲಿನ ಫ್ರಿಜ್‌ಗೆ ಸೇರಿಸಬೇಕು. ಆಹಾರ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಬಿಸಿಲಿನ ದಿನಗಳಲ್ಲಿ ಒಂದೇ ಗಂಟೆ. ಆಫೀಸಿನಲ್ಲಿ ಫ್ರಿಜ್ ಇಲ್ಲದವರು ಅಗಲ ಬಾಯಿಯ ಫ್ಲಾಸ್ಕ್‌ಗೆ ಕುದಿಯುವ ನೀರು ತುಂಬಿ ಹತ್ತು ನಿಮಿಷ ಬಿಟ್ಟು, ಅದನ್ನು ಚೆಲ್ಲಿ, ಒಲೆಯಿಂದ ಆಗಷ್ಟೇ ಇಳಿಸಿದ ಆಹಾರವನ್ನು ಅಂಚಿನವರೆಗೆ ತುಂಬಿದರೆ ಮಧ್ಯಾಹ್ನದವರೆಗೂ ಬಿಸಿ ನಿಲ್ಲುತ್ತದೆ. ಭಾನುವಾರವೇ ವಾರಕ್ಕೆಲ್ಲ ಮಾಡಿಡುವ ಯೋಚನೆ ನನಗೆ ಒಪ್ಪಿಗೆಯಿಲ್ಲ. ಫ್ರಿಜ್‌ನಲ್ಲಿಟ್ಟ ಅಡುಗೆಗೆ ಮೂರು ದಿನ ಸಾಕು, ಅನ್ನಕ್ಕಂತೂ ಒಂದೇ ದಿನ.

ಒಂದು ಗಂಟೆಗೆ ಉಂಡು ಆರೂವರೆಗೆ ಜಿಮ್‌ಗೆ ಹೋಗುವ ನಿನಗೆ ಐದು ಗಂಟೆಯ ಹೊತ್ತಿಗೆ ಒಂದು ಬಾಳೆಹಣ್ಣು ಮತ್ತು ಒಂದು ಬಟ್ಟಲು ಮೊಸರು ಬೇಕು. ಅವು ಬೇರೆ ಡಬ್ಬಿಯಲ್ಲಿರಲಿ, ಮೊಸರಿನ ಡಬ್ಬಿ ಆಫೀಸಿನ ಫ್ರಿಜ್‌ನಲ್ಲೇ ಇರಲಿ.

ಈ ಬುತ್ತಿಯನ್ನು ಎರಡು ವಾರ ಒಯ್ದು ನೋಡು. ದಿನವೂ ಬೆಳಿಗ್ಗೆ ತಿಂಡಿಗೆ ಮೊದಲು ತೂಕ ನೋಡಿ ಬರೆದಿಡು, ಒಂದು ದಿನದ ಅಂಕಿಯನ್ನಲ್ಲ, ವಾರದ ಸರಾಸರಿಯನ್ನು ಹೋಲಿಸು. ವಾರಕ್ಕೆ 200ರಿಂದ 350 ಗ್ರಾಂ ಏರಿದರೆ ಡಬ್ಬಿಯನ್ನು ಹಾಗೆಯೇ ಮುಂದುವರಿಸು. ಏರದಿದ್ದರೆ ಪ್ರೋಟೀನನ್ನು ಮುಟ್ಟದೆ ಅನ್ನವನ್ನು ಇನ್ನೊಂದು ಹಿಡಿ ಹೆಚ್ಚಿಸು, ಎರಡು ವಾರದ ಅಂಕಿಗಳನ್ನು ಇಲ್ಲೇ ಗುಂಪಿಗೆ ಕಳುಹಿಸು.