ಹಾಡು, ರೇಡಿಯೊ, ರೆಕಾರ್ಡಿಂಗ್ ಮೂರೂ ಒಂದರಲ್ಲೇ ಬೇಕು: ಯಾವ ಪ್ಲೇಯರ್ ನೋಡಲಿ?

ಕನಕಗಿರಿ ಕೇಳುಗ
ಎಲ್ಲರಿಗೂ ನಮಸ್ಕಾರ. ನಮ್ಮದು ಕನಕಗಿರಿ ಕಡೆ, ಗುಡ್ಡದ ಬುಡದ ಹಳ್ಳಿ. ನಮ್ಮ ಮಾವ ಭಜನಾ ಮೇಳದಲ್ಲಿ ತತ್ವಪದ ಹಾಡುತ್ತಾರೆ. ಅದನ್ನು ರೆಕಾರ್ಡ್ ಮಾಡಬೇಕು. ಅವರಿಗೆ ಬೆಳಗ್ಗೆ ಹೊಸಪೇಟೆ ಆಕಾಶವಾಣಿ ಬೇಕೇ ಬೇಕು, ನಡುವೆ ಧಾರವಾಡವೂ ಬೇಕು. ಈಗ ಇರುವುದು ಯಾವುದೋ ಕಂಪನಿಯ ಪುಟ್ಟ ಪ್ಲೇಯರ್. ಅದಕ್ಕೆ ಎರಡು ರೋಗ. ಬ್ಲೂಟೂತ್ ಸ್ಪೀಕರ್‌ಗೆ ಜೋಡಿಸಿದರೆ ರೇಡಿಯೊ ಬರೀ ಸೊರ್ ಅನ್ನುತ್ತದೆ. ಭಜನೆ ರೆಕಾರ್ಡ್ ಮಾಡಿದರೆ ತಾಳ ಬಿದ್ದ ಕೂಡಲೇ ಮಾವನ ದನಿ ಕುಗ್ಗಿಬಿಡುತ್ತದೆ, ಆಮೇಲೆ ನಿಧಾನಕ್ಕೆ ಮೇಲೆ ಬರುತ್ತದೆ. ಹೊಸದೇ ತಗೋಬೇಕಾ? ತಗೊಂಡರೆ ಏನು ನೋಡಬೇಕು?

ಡ್ಯಾಮ್ ಕಡೆಯವ
ಮೊದಲನೆಯದು ರೋಗವೇ ಅಲ್ಲ ಬಿಡಿ. ಇಂಥ ಪ್ಲೇಯರ್‌ಗಳಿಗೆ ಇಯರ್‌ಫೋನಿನ ವೈರೇ ಆಂಟೆನಾ. ನೀವು ಬ್ಲೂಟೂತ್ ಹಾಕುವಾಗ ವೈರ್ ಕಿತ್ತಿರುತ್ತೀರಿ, ಅಲ್ವಾ? ವೈರ್ ಚುಚ್ಚೇ ಇರಲಿ, ಅದನ್ನು ಸುತ್ತಿಡದೆ ಉದ್ದಕ್ಕೆ ಕಿಟಕಿ ಕಡೆ ಇಳಿಬಿಡಿ. ಎಫ್‌ಎಂ ಅಲೆಗಳಿಗೆ ಗುಡ್ಡ ಅಡ್ಡ ಬಂದರೆ ಕಷ್ಟ. ನಿಮ್ಮ ಕಡೆ ಎಲ್ಲಿ ನೋಡಿದರೂ ಬಂಡೆ, ಹಾಗಾಗಿ ಮನೆಯೊಳಗಿನ ಒಂದು ಮೂಲೆಗೂ ಇನ್ನೊಂದು ಮೂಲೆಗೂ ವ್ಯತ್ಯಾಸ ಇರುತ್ತದೆ. ಸೆಟ್ಟಿಂಗ್‌ನಲ್ಲಿ ಸ್ಟೀರಿಯೊ ತೆಗೆದು ಮೋನೊ ಮಾಡಿ. ಸಿಗ್ನಲ್ ಸಣ್ಣದಿದ್ದಾಗ ಸೊರ್ ಸದ್ದು ಜಾಸ್ತಿ ಬರುವುದು ಸ್ಟೀರಿಯೊದಲ್ಲೇ. ಒಬ್ಬರು ವಾರ್ತೆ ಓದುವುದಕ್ಕೆ ಸ್ಟೀರಿಯೊ ಯಾಕೆ ಬೇಕು?

ಧಾರವಾಡದ ವಿಷಯ ಬೇರೆ. ಅದು ಮೀಡಿಯಂ ವೇವ್, 765 ಕಿಲೋಹರ್ಟ್ಸ್. ಜೇಬಿನ ಪ್ಲೇಯರ್‌ಗಳಲ್ಲಿ ಸಾಮಾನ್ಯವಾಗಿ 87.5ರಿಂದ 108 ಮೆಗಾಹರ್ಟ್ಸ್‌ವರೆಗಿನ ಎಫ್‌ಎಂ ಅಷ್ಟೇ ಇರುತ್ತದೆ. ಅಂಗಡಿಯವರು ಎಲ್ಲ ಸ್ಟೇಷನ್ ಬರುತ್ತೆ ಅಂದರೂ ನಂಬಬೇಡಿ, ಡಬ್ಬದ ಮೇಲೆ ಎಎಂ (ಮೀಡಿಯಂ ವೇವ್‌ಗೆ ಹಾಗೇ ಬರೆದಿರುತ್ತಾರೆ) ಅಂತ ಇದೆಯಾ ನೋಡಿ. ಇಲ್ಲದಿದ್ದರೆ ಮಾವನಿಗೆ ಸೆಲ್ ಹಾಕುವ ಹಳೇ ನಮೂನೆಯ ಸಣ್ಣ ರೇಡಿಯೊ ಬೇರೆಯೇ ಕೊಡಿಸಿ. ಅದನ್ನು ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಹತ್ತಿರ ಇಡಬೇಡಿ, ಗುಂಯ್ ಅನ್ನುತ್ತದೆ. ಒಳಗೆ ಆಂಟೆನಾ ಆಗಿ ಫೆರೈಟ್ ಕಡ್ಡಿ ಇರುವುದರಿಂದ ಸೆಟ್ಟನ್ನು ಸ್ವಲ್ಪ ತಿರುಗಿಸಿದರೆ ಸಾಕು, ದನಿ ತಿಳಿಯಾಗುತ್ತದೆ.

ಹಾರ್ಮೋನಿಯಂ ರಾಯಚೂರು
ತಾಳದ ಕತೆ ನಾನು ಹೇಳುತ್ತೇನೆ, ನಮ್ಮ ಮೇಳದ್ದೂ ಇದೇ ಗೋಳು. ಅದು ಆಟೋ ಗೇನ್ ಮಾಡುವ ಕೆಲಸ. ದೊಡ್ಡ ಸದ್ದು ಬಂದರೆ ಮಷಿನ್ ತಾನೇ ಮಟ್ಟ ಇಳಿಸುತ್ತದೆ, ಸದ್ದು ನಿಂತ ಮೇಲೆ ಮೆಲ್ಲಗೆ ಏರಿಸುತ್ತದೆ. ಒಬ್ಬರು ಮಾತಾಡುವುದಕ್ಕೆ ಅದು ಸರಿ. ಭಜನೆಗೆ ಬಂದರೆ ತಾಳ, ದಮ್ಮಡಿ ಹೊಡೆದಾಗಲೆಲ್ಲ ಹಾಡುವವರು ಬಾವಿಗೆ ಬಿದ್ದು ಎದ್ದು ಬಂದ ಹಾಗೆ ಕೇಳುತ್ತದೆ.

ಆದ್ದರಿಂದ ಹೊಸದು ತಗೊಳ್ಳುವಾಗ ನೋಡಬೇಕಾದ ಮುಖ್ಯ ಸಂಗತಿ ಇದೊಂದೇ: ರೆಕಾರ್ಡಿಂಗ್ ಮಟ್ಟವನ್ನು ಕೈಯಿಂದ ಹಾಕಲು ಬರುತ್ತದಾ? ಬಂದರೆ, ಮೇಳ ಜೋರಾಗಿ ಹಾಡುವಾಗ ಪರದೆಯ ಮೇಲಿನ ಸದ್ದಿನ ಮೀಟರ್ ಮೈನಸ್ 12 ಡೆಸಿಬೆಲ್ (ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ) ಆಸುಪಾಸು ಆಡುವಂತೆ ಇಟ್ಟು ಕೈ ಬಿಟ್ಟುಬಿಡಿ. ರೇಡಿಯೊ ಹೇಗಿದ್ದರೂ ನಡೆಯುತ್ತದೆ. ನಾಳೆ ಮತ್ತೆ ವಾರ್ತೆ ಬರುತ್ತದೆ, ಮಾವನ ಆ ರಾತ್ರಿಯ ಹಾಡು ಮತ್ತೆ ಬರಲ್ಲ.

ಸೋನಿಯ ಐಸಿಡಿ ಯುಎಕ್ಸ್560ಎಫ್ ಥರದ ರೆಕಾರ್ಡರ್‌ಗಳಲ್ಲಿ ಎಫ್‌ಎಂ ಇದೆ, ಹಾಡನ್ನೂ ಕೇಳಬಹುದು. ಹಳೇ ಸಾನ್ಸಾ ಕ್ಲಿಪ್ ಪ್ಲಸ್ ಅನ್ನುವ ಪುಟ್ಟ ಪ್ಲೇಯರ್ ಕೂಡ ರೇಡಿಯೊದಿಂದ ನೇರ ರೆಕಾರ್ಡ್ ಮಾಡುತ್ತದೆ. ಆದರೆ ಅದು ಈಗ ತಯಾರಾಗುತ್ತಿಲ್ಲ, ಸೆಕೆಂಡ್ ಹ್ಯಾಂಡ್ ಹುಡುಕಬೇಕು, ಬ್ಯಾಟರಿ ಸತ್ತಿರುವ ಸಂಭವವೇ ಜಾಸ್ತಿ. ಅದೂ ಅಲ್ಲದೆ ಹೊರಗಿನ ಮೈಕ್ ಚುಚ್ಚಲು ಅದರಲ್ಲಿ ಜಾಗವಿಲ್ಲ.

ಕನಕಗಿರಿ ಕೇಳುಗ
ಮೋನೊ ಮಾಡಿ ವೈರ್ ಇಳಿಬಿಟ್ಟೆ, ಹೊಸಪೇಟೆ ಚೆನ್ನಾಗಿ ಬಂತು. ಥ್ಯಾಂಕ್ಸ್ ಅಣ್ಣಾ. ಮಾವನ ಮಗ ಇದೆಲ್ಲ ಯಾಕೆ, ಮೊಬೈಲೇ ಸಾಕು ಅಂತಾನೆ.

ಡ್ಯಾಮ್ ಕಡೆಯವ
ಮೊಬೈಲ್‌ನಲ್ಲಿ ಎಫ್‌ಎಂ ಇದ್ದರೆ ಸರಿ, ಎಷ್ಟೋ ಸೆಟ್‌ಗಳಲ್ಲಿ ಕೊಡುವುದೇ ಇಲ್ಲ. ಎಫ್‌ಎಂ ಬಂದ್ ಮಾಡಬೇಡಿ ಅಂತ 2023ರಲ್ಲಿ ಕೇಂದ್ರ ಸರ್ಕಾರವೇ ಕಂಪನಿಗಳಿಗೆ ಹೇಳಬೇಕಾಯಿತು. ರೆಕಾರ್ಡಿಂಗ್ ನಡುವೆ ಫೋನ್ ಬಂದರೆ ಪದ ಅರ್ಧಕ್ಕೆ ನಿಲ್ಲುತ್ತದೆ. ಫ್ಲೈಟ್ ಮೋಡ್ ಹಾಕಿ ಕೂರುವ ತಾಳ್ಮೆ ಇದ್ದರೆ ಮಾಡಲಿ.

ಹಾರ್ಮೋನಿಯಂ ರಾಯಚೂರು
ನನ್ನ ಓಟು ಟ್ರಿಪಲ್ ಎ ಸೆಲ್ ಹಾಕುವ ರೆಕಾರ್ಡರ್‌ಗೆ. ಭಜನೆ ಬೆಳಗಿನ ಜಾವದ ತನಕ ನಡೆಯುತ್ತದೆ, ನಡುವೆ ಕರೆಂಟ್ ಹೋದರೆ ಚಾರ್ಜ್ ಎಲ್ಲಿ ಮಾಡುತ್ತೀರಿ? ಸೆಲ್ಲಾದರೆ ಊರಿನ ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. ಮೈಕ್‌ಸೆಟ್ಟಿನ ಹಾರ್ನ್ ಮುಂದೆ ಮಾತ್ರ ಇಡಬೇಡಿ. ಹಾಡುವವರ ಮುಂದೆ, ತಾಳದವರಿಂದ ದೂರ, ಮಡಿಸಿದ ಟವೆಲ್ ಮೇಲೆ ಇಡಿ. ಬರೀ ಕಟ್ಟೆಯ ಮೇಲಿಟ್ಟರೆ ಕಾಲು ತಾಗಿದ ಸದ್ದೆಲ್ಲ ಏರುತ್ತದೆ. ಬಯಲಲ್ಲಿ ಗಾಳಿ ಇದ್ದರೆ ಲೋ ಕಟ್ (ಗಾಳಿಯ ದಪ್ಪ ಸದ್ದನ್ನು ಕತ್ತರಿಸುವ ಸೆಟ್ಟಿಂಗ್) ಆನ್ ಮಾಡಿ, ಮೈಕಿಗೆ ಸ್ಪಂಜಿನ ಟೋಪಿ ಹಾಕಿ.

ಕನಕಗಿರಿ ಕೇಳುಗ
ಕಾರ್ಡ್ ಎಷ್ಟು ಜಿಬಿ ಹಾಕಲಿ?

ಹಾರ್ಮೋನಿಯಂ ರಾಯಚೂರು
32 ಸಾಕು. ಭಜನೆಯನ್ನು ವೇವ್ ಫೈಲ್‌ನಲ್ಲಿ (ದನಿಯನ್ನು ಕುಗ್ಗಿಸದೆ ಇಡುವ ನಮೂನೆ) ಮಾಡಿ, ಸಿಡಿ ಗುಣಮಟ್ಟಕ್ಕೆ ಗಂಟೆಗೆ ಸುಮಾರು 635 ಎಂಬಿ ತಿನ್ನುತ್ತದೆ. ರೇಡಿಯೊಗೆ 128 ಕೆಬಿಪಿಎಸ್‌ನ ಎಂಪಿ3 ಆದರೆ ಗಂಟೆಗೆ 58 ಎಂಬಿ ಅಷ್ಟೇ. ಒಂದು ನೆನಪಿರಲಿ, ಫ್ಯಾಟ್32 ನಮೂನೆಯಲ್ಲಿ ಫಾರ್ಮ್ಯಾಟ್ ಆದ ಕಾರ್ಡ್‌ನಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. ಎರಡು ಗಂಟೆಗೊಮ್ಮೆ, ಚಹಾ ಬರುವ ಹೊತ್ತಿಗೆ, ನಿಲ್ಲಿಸಿ ಹೊಸದಾಗಿ ಶುರು ಮಾಡಿ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಕಾರ್ಡ್ ಬೇಡ. ಮೇಲೆ 64 ಅಂತ ಬರೆದು ಒಳಗೆ 8 ಇರುವಂಥವೂ ಸಿಗುತ್ತವೆ, ತುಂಬಿದ ಮೇಲೆ ಬರೆದದ್ದೆಲ್ಲ ಹಾಳು. ಕಂಪ್ಯೂಟರ್‌ಗೆ ಹಾಕಿ ಎಚ್‌2ಟೆಸ್ಟ್‌ಡಬ್ಲ್ಯೂ ಅನ್ನುವ ಕಾರ್ಡ್ ಪರೀಕ್ಷಿಸುವ ಸಾಫ್ಟ್‌ವೇರ್‌ನಲ್ಲಿ ಪೂರ್ತಿ ಪರೀಕ್ಷೆ ಮಾಡಿ, ಆಮೇಲೆ ಮೇಳಕ್ಕೆ ಒಯ್ಯಿರಿ.