ಚೀನೀ ಪದಗಳು ತಲೆಯಲ್ಲಿ ನಿಲ್ತಿಲ್ಲ, ಅಲ್ಲಿ ಇದ್ದು ಬಂದವರು ಹೇಳಿ

ಮೈಸೂರಿನಿಂದ ಹೊರಟವಳು:
ಇನ್ನು ಮೂರು ತಿಂಗಳಿಗೆ ಕೆಲಸದ ಮೇಲೆ ಶೆನ್‌ಜೆನ್‌ಗೆ ಹೋಗಬೇಕು. ಎಂಟು ತಿಂಗಳು ಅಲ್ಲೇ. 40 ದಿನದಿಂದ ಆ್ಯಪ್‌ನಲ್ಲಿ ಕಲಿಯುತ್ತಿದ್ದೇನೆ, ಪಾಠ ಎಲ್ಲಾ ಇಂಗ್ಲಿಷಿನಲ್ಲಿ. 200 ಪದ ಬಂತು ಅಂತ ಆ್ಯಪ್ ಹೇಳುತ್ತೆ, ಯಾರಾದರೂ ಮಾತಾಡಿದರೆ ಒಂದೂ ಕಿವಿಗೆ ಹತ್ತಲ್ಲ. ನೀವೆಲ್ಲ ಹೇಗೆ ಕಲಿತಿರಿ? ಅಲ್ಲಿನ ದಿನನಿತ್ಯದ ರೀತಿ ಹೇಗೆ? ಮೊಟ್ಟೆ ತಿನ್ನುತ್ತೇನೆ, ಮಾಂಸ ಇಲ್ಲ.

ಫೋಶಾನ್‌ನಿಂದ ಟೈಲ್ಸ್ ತರಿಸುವವನು:
ಮೇಡಂ, ಮೊದಲು ಇಂಗ್ಲಿಷನ್ನು ಪಕ್ಕಕ್ಕಿಡಿ. ಚೀನೀ ಉಚ್ಚಾರಣೆ ಬರೆಯೋ ಪಿನ್‌ಯಿನ್ ನೋಡೋಕೆ ಇಂಗ್ಲಿಷ್ ಅಕ್ಷರ, ಅಷ್ಟೇ. ‘ಬಿ’ ಬರೆದಲ್ಲಿ ಬರೋದು ನಮ್ಮ ಪ. ‘ಪಿ’ ಬರೆದಲ್ಲಿ ‘ಫಲ’ದ ಫ, ‘ಫ್ಯಾನ್’ನದಲ್ಲ. ‘ಡಿ’ಗೆ ತ, ‘ಟಿ’ಗೆ ಥ. ‘ಜಿ’ಗೆ ಕ, ‘ಕೆ’ಗೆ ಖ. ‘ಎಕ್ಸ್’ ಇದ್ದರೆ ಶ, ‘ಎಸ್‌ಎಚ್’ ಇದ್ದರೆ ಷ. ಮಾತಾಡುವಾಗ ನಾವು ಶ-ಷ ಬೇರೆ ಮಾಡೋದು ಬಿಟ್ಟು ಎಷ್ಟೋ ಕಾಲ ಆಯ್ತು, ಅಲ್ಲಿ ಅದು ಬೇಕು. ನಾನು ಒಂದು ನೋಟ್‌ಬುಕ್ ಪೂರ್ತಿ ಕನ್ನಡದಲ್ಲೇ ಬರೆದುಕೊಂಡೆ. ಆಮೇಲೆ ಜನಕ್ಕೆ ನನ್ನ ಮಾತು ತಿಳಿಯೋಕೆ ಶುರುವಾಯ್ತು.

ಆದರೆ ಸ್ವರದ ಏರಿಳಿತ ಕನ್ನಡದಲ್ಲಿ ಬರೆಯೋಕಾಗಲ್ಲ, ನಾನು ಬಿದ್ದದ್ದೇ ಅಲ್ಲಿ. ‘ಮಾಯ್’ ಅಂತ ತಗ್ಗಿಸಿ ಎಳೆದರೆ ಕೊಳ್ಳೋದು, ಮೇಲಿಂದ ಧಡ್ ಅಂತ ಬೀಳಿಸಿದರೆ ಮಾರೋದು. ಮೊದಲ ಸಲ ಶೋರೂಮಿನಲ್ಲಿ ಎದೆಯುಬ್ಬಿಸಿ ‘ವೊ ಮಾಯ್’ ಅಂದೆ, ಬೀಳಿಸಿ. ‘ವೊ’ ಅಂದರೆ ನಾನು. ಕೌಂಟರಿನ ಹೆಂಗಸು ನಿಮ್ಮ ಸ್ಯಾಂಪಲ್ ಎಲ್ಲಿ ಅಂದಳು! ನಾನೇ ಟೈಲ್ಸ್ ಮಾರೋಕೆ ಬಂದಿದ್ದೀನಿ ಅಂದುಕೊಂಡಿದ್ದಳು. ಇನ್ನೊಂದು, ‘ಖ್ವಾಯ್’. ಒಂದು ಟೈಲ್ಸ್‌ಗೂ ಖ್ವಾಯ್, ಒಂದು ಯುವಾನ್‌ಗೂ ಖ್ವಾಯ್. ‘ಸಾನ್ ಖ್ವಾಯ್’ ಅಂದರೆ ಮೂರು ಪೀಸೋ ಮೂರು ಯುವಾನೋ? ಕ್ಯಾಲ್ಕುಲೇಟರ್ ತೋರಿಸಿ ಅನ್ನಿ, ನಾಚಿಕೆ ಬೇಡ.

ಚೀನಾದಲ್ಲಿ ವೈದ್ಯಕೀಯ ಓದಿದವಳು:
ಮೇಲಿನವರ ಮಾತಿಗೆ ನನ್ನದೂ ಸೇರಿಸಿ. ಇಂಗ್ಲಿಷಿನಲ್ಲಿ ಕಲಿಯುವವರು ‘ಯೆಸ್’ಗೆ ಪದ ಹುಡುಕಿ ಸುಸ್ತಾಗುತ್ತಾರೆ. ಅಲ್ಲಿ ಕೇಳೋದು ‘ಯಾವ್ ಪು ಯಾವ್?’, ನಮ್ಮ ‘ಬೇಕಾ ಬೇಡ್ವಾ?’ ಹೇಳೋದು ‘ಯಾವ್’, ಬೇಕು. ‘ಯೋ ಮೇ ಯೋ?’ ಅಂದರೆ ‘ಇದ್ಯಾ ಇಲ್ವಾ?’ ಅಣ್ಣ, ತಮ್ಮ, ಅಕ್ಕ, ತಂಗಿಗೆ ನಾಲ್ಕು ಬೇರೆ ಪದ. ದೊಡ್ಡಪ್ಪ ‘ಪೋಪೋ’, ಚಿಕ್ಕಪ್ಪ ‘ಷೂಷು’. ಇಂಗ್ಲಿಷಿನ ‘ಅಂಕಲ್’ನಿಂದ ಹೋದರೆ ತಲೆ ಕೆಡುತ್ತೆ, ನಮಗೆ ಒಂದು ಸಂಜೆಯ ಕೆಲಸ. ಮತ್ತೆ, ಒಂದು ಪದಕ್ಕೆ ಹತ್ತು ನೇತು ಹಾಕಿ: ‘ತಿಯೆನ್’ ವಿದ್ಯುತ್ತು. ಕರೆಂಟಿನ ಮಾತು ಫೋನು, ಕರೆಂಟಿನ ಮಿದುಳು ಕಂಪ್ಯೂಟರು, ಕರೆಂಟಿನ ನೆರಳು ಸಿನಿಮಾ, ಕರೆಂಟಿನ ಏಣಿ ಲಿಫ್ಟು.

200ಕ್ಕೆ ಬೇಜಾರಾಗಬೇಡಿ. ಚೀನೀ ಭಾಷೆಯ ಎಚ್‌ಎಸ್‌ಕೆ ಪರೀಕ್ಷೆಯ ಹಳೆ ಕ್ರಮದಲ್ಲಿ ಮೊದಲ ಹಂತಕ್ಕೆ 150 ಪದ, ಎರಡನೆಯದಕ್ಕೆ 300. ಪ್ಲೆಕೊ ನಿಘಂಟು ಹಾಕಿಕೊಳ್ಳಿ, ಬೋರ್ಡಿನ ಅಕ್ಷರವನ್ನು ಬೆರಳಲ್ಲಿ ಗೀಚಿದರೆ ಅರ್ಥ ಕೊಡುತ್ತೆ.

ಶಾಂಘೈಯಲ್ಲಿ ನಾಲ್ಕು ವರ್ಷ ಅಡುಗೆ ಮಾಡಿದವಳು:
ಊಟದ ವಿಷಯ ನಾನು ಹೇಳ್ತೀನಿ ತಂಗಿ. ‘ವೊ ಛ ಸೂ’, ನಾನು ಸಸ್ಯಾಹಾರಿ. ಅಷ್ಟಕ್ಕೇ ನಿಲ್ಲಿಸಬೇಡ. ‘ರೋ’ ಅಂದರೆ ಮಾಂಸ, ಆದರೆ ಸುಮ್ನೆ ರೋ ಅಂದರೆ ಹೆಚ್ಚಾಗಿ ಹಂದಿ ಮಾಂಸ ಅಂತಲೇ ಅರ್ಥ. ಹಂದಿ ಹಾಕಿಲ್ಲ ಅಂತ ಸಿಗಡಿ ಉದುರಿಸಿ ಕೊಟ್ಟಿದ್ದಾರೆ ನನಗೆ, ನಗುನಗುತ್ತಾ! ಮಾಪೋ ತೋಫು ನೋಡೋಕೆ ಸಾಧು, ಒಳಗೆ ಕೈಮಾ ಇರುತ್ತೆ. ಸಾರಿನ ನೀರು, ಹಂದಿ ಕೊಬ್ಬು ಎರಡನ್ನೂ ಬೇರೆಯಾಗೇ ಕೇಳು. ಬೌದ್ಧ ದೇವಸ್ಥಾನದ ಹತ್ತಿರದ ಸಸ್ಯಾಹಾರಿ ಹೋಟೆಲಿದ್ದರೆ ನೆಮ್ಮದಿ. ಅನ್ನದಲ್ಲಿ ಊಟದ ಕಡ್ಡಿ ನೆಟ್ಟಗೆ ಚುಚ್ಚಿ ಇಡಬೇಡ, ಸತ್ತವರ ಮುಂದೆ ಊದುಬತ್ತಿ ಹಚ್ಚಿಟ್ಟ ಹಾಗೆ ಕಾಣುತ್ತೆ ಅವರಿಗೆ. ಹೋಟೆಲಿನಲ್ಲಿ ಕೂತರೆ ಬಿಸಿನೀರು ತಂದಿಡ್ತಾರೆ. ನಮ್ಮತ್ತೆ ಬಂದಾಗ ತುಂಬಾ ಖುಷಿಪಟ್ಟದ್ದು ಇದಕ್ಕೇ.

ದುಡ್ಡು ಕೊಡೋದು ಫೋನಲ್ಲೇ. ತರಕಾರಿಯವಳೂ ‘ವೊ ಸಾವ್ ನಿ’ ಅಂತಾಳೆ, ನಿನ್ನದನ್ನ ನಾನು ಸ್ಕ್ಯಾನ್ ಮಾಡ್ತೀನಿ ಅಂತ. ‘ನಿ ಸಾವ್ ವೊ’ ಅಂದರೆ ಉಲ್ಟಾ. ಈ ಎರಡು ಮೊದಲ ದಿನವೇ ಬೇಕು.

ಟೈಲ್ಸ್‌ನವನು:
ಮರೆತಿದ್ದೆ. ಕೈಸನ್ನೆ ಕಲಿಯಿರಿ. ಹೆಬ್ಬೆರಳು, ತೋರುಬೆರಳು ಚಾಚಿದರೆ ಎಂಟು. ನಾನು ಎರಡು ಅಂದುಕೊಂಡು ಎರಡು ಯುವಾನ್ ಕೊಟ್ಟು ಬೈಸಿಕೊಂಡೆ. ಯಾರಿಗೂ ಗೋಡೆ ಗಡಿಯಾರ ಉಡುಗೊರೆ ಕೊಡಬೇಡಿ. ‘ಗಡಿಯಾರ ಕೊಡೋದು’ ಅನ್ನೋದು, ಸಾಯುವವರನ್ನು ಕಳಿಸಿಕೊಡೋದು ಅನ್ನೋ ಥರ ಕೇಳಿಸುತ್ತೆ.

ಮೈಸೂರಿನಿಂದ ಹೊರಟವಳು:
ನೋಟ್‌ಬುಕ್ ಇವತ್ತೇ ಶುರು ಮಾಡಿದೆ. ಒಂದು ಅನುಮಾನ. ‘ಛ ಲ ಮ?’ ಅಂದರೆ ಊಟ ಆಯ್ತಾ ಅಂತ ಪಾಠದಲ್ಲಿದೆ. ಯಾರಾದರೂ ಹಾಗೆ ಕೇಳಿದರೆ ನಿಜ ಹೇಳಬೇಕಾ?

ಶಾಂಘೈ ಅಡುಗೆಯವಳು:
ವಯಸ್ಸಾದವರೇ ಜಾಸ್ತಿ ಕೇಳೋದು. ‘ಛ ಲ’ ಅನ್ನು, ಆಯ್ತು ಅಂತ. ನಮ್ಮೂರಲ್ಲಿ ಬಾಗಿಲಲ್ಲಿ ನಿಂತು ಹೇಳಲ್ವಾ, ಹಾಗೆ. ನಾನು ಒಂದ್ಸಲ ನಿಜ ಹೇಳಿದೆ, ಪಕ್ಕದ ಮನೆ ಅಜ್ಜಿ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ನೂಡಲ್ಸ್ ಬೇಯಿಸೋಕೆ ನಿಂತರು. ಸಾರು ಯಾವುದರದ್ದು ಅಂತ ಕೇಳೋಕೆ ಆಗ ನನಗೆ ಪದ ಬರ್ತಿರಲಿಲ್ಲ.